ಎಂಜಿನ್ ಏರಿ ಇಳಿದು ಓಡ್ತಿದೆಯಾ? ಗವರ್ನರ್ ಸ್ಪ್ರಿಂಗ್ ಮುಟ್ಟುವ ಮೊದಲು ಇದನ್ನು ನೋಡಿ

ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಟ್ಟಾಗ ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದ ಗದ್ದೆಗಳಲ್ಲಿ ಇದ್ದಬದ್ದ ಪಂಪ್‌ಸೆಟ್ಟೆಲ್ಲ ಹೊರಗೆ ಬರುತ್ತವೆ. ತಿಂಗಳುಗಟ್ಟಲೆ ಕೊಟ್ಟಿಗೆ ಮೂಲೆಯಲ್ಲಿ ಕೂತಿದ್ದ ಪೆಟ್ರೋಲ್ ಎಂಜಿನ್ನಿನ ಹಗ್ಗ ಎಳೆದರೆ ಸ್ಟಾರ್ಟ್ ಏನೋ ಆಗುತ್ತೆ. ಆದರೆ ಒಂದೇ ಸಮ ಓಡುವುದಿಲ್ಲ. ವೂಂ ಎಂದು ಏರುತ್ತೆ, ಇನ್ನೇನು ನಿಂತೇ ಹೋಯಿತು ಅನ್ನುವಷ್ಟು ಇಳಿಯುತ್ತೆ, ಮತ್ತೆ ಏರುತ್ತೆ. ಅಷ್ಟರಲ್ಲಿ ಪಕ್ಕದ ಗದ್ದೆಯವರು ಸ್ಕ್ರೂಡ್ರೈವರ್ ಹಿಡಿದು ಬಂದು ಗವರ್ನರ್ ಸ್ಪ್ರಿಂಗಿಗೆ ಕೈ ಹಾಕುತ್ತಾರೆ. ಕೆಲಸ ಕೆಡುವುದು ಅಲ್ಲೇ.

ಇಂಥ ಎಂಜಿನ್ನಿನಲ್ಲಿ ಗವರ್ನರ್ ಮಾಡುವುದು ಒಂದೇ ಕೆಲಸ: ವೇಗ ಇಳಿದರೆ ಥ್ರಾಟಲ್ (ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಮಿಶ್ರಣ ಬಿಡುವ ಬಾಗಿಲು) ತೆರೆಯುತ್ತೆ, ಏರಿದರೆ ಮುಚ್ಚುತ್ತೆ. ಪೆಟ್ರೋಲ್ ಸಾಕಷ್ಟು ಸಿಗದೆ ವೇಗ ಬಿದ್ದಾಗ ಅದು ಥ್ರಾಟಲ್ ಪೂರ್ತಿ ತೆರೆಯುತ್ತೆ. ಆಗ ಕಾರ್ಬೊರೇಟರಿನ ದೊಡ್ಡ ಜೆಟ್ಟಿನಿಂದ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ಪೆಟ್ರೋಲ್ ನುಗ್ಗಿ ವೇಗ ಏರುತ್ತೆ. ಏರಿತಲ್ಲ ಎಂದು ಗವರ್ನರ್ ಮುಚ್ಚುತ್ತೆ, ಎಂಜಿನ್ ಮತ್ತೆ ಹಸಿಯುತ್ತೆ. ನಿಮಗೆ ಕೇಳಿಸುವ ಏರಿಳಿತ ಇದೇ. ಅಂದರೆ ಗವರ್ನರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ, ಹೊಟ್ಟೆಗೆ ಇಲ್ಲದಿರುವುದು ಎಂಜಿನ್ನಿಗೆ. ಯಾಕೆ ಇಲ್ಲ ಎನ್ನುವುದನ್ನು ಖರ್ಚಿಲ್ಲದ ಕಡೆಯಿಂದ ಹುಡುಕುತ್ತ ಹೋಗಬೇಕು.

ಈ ಲೇಖನ ಮುಖ್ಯವಾಗಿ ಐದಾರು ಎಚ್‌ಪಿಯ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್ನುಗಳ ಬಗ್ಗೆ. ಗದ್ದೆಯ ಪಂಪ್‌ಸೆಟ್, ಕಬ್ಬಿನ ಸಾಲಿನಲ್ಲಿ ಕಳೆ ತೆಗೆಯುವ ಪವರ್ ವೀಡರ್, ಕರೆಂಟ್ ಹೋದಾಗ ಮೈಸೂರಿನ ಅಂಗಡಿ ಮುಂದೆ ಓಡುವ ಸಣ್ಣ ಜನರೇಟರ್, ಮೂರರಲ್ಲೂ ಇರುವುದು ಹೆಚ್ಚುಕಮ್ಮಿ ಒಂದೇ ಬಗೆಯ ಎಂಜಿನ್. ಹುಲ್ಲು ಕತ್ತರಿಸುವ ಬ್ರಷ್ ಕಟರ್ ಮತ್ತು ಡೀಸೆಲ್ ಟಿಲ್ಲರ್ ಬಗ್ಗೆ ಕೊನೆಯಲ್ಲಿ ನಾಲ್ಕು ಮಾತು ಇದೆ.

ಬೇಕಾದ ಸಾಮಾನು

8 ಮತ್ತು 10 ನಂಬರಿನ ಸ್ಪಾನರ್, ಪ್ಲಗ್ ಸ್ಪಾನರ್, ಬಾಯಿ ಸವೆಯದ ಸ್ಕ್ರೂಡ್ರೈವರ್, ಫೀಲರ್ ಗೇಜ್, ಒಂದು ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ, ಹಳೇ ಟೂತ್‌ಬ್ರಷ್, ಗಾಜಿನ ಬಾಟಲಿ, ಬಿಚ್ಚಿದ್ದನ್ನು ಹಾಕಲು ಅಗಲವಾದ ಒಂದು ತಟ್ಟೆ. ಗದ್ದೆಯಲ್ಲೇ ಕೂತು ಬಿಚ್ಚಬೇಡಿ. ಕೆಸರಿಗೆ ಬಿದ್ದ ಜೆಟ್ ಮತ್ತೆ ಸಿಗುವುದಿಲ್ಲ.

ಎಂಜಿನ್ ಆರಿರಬೇಕು, ಸುತ್ತ ಬೀಡಿ ಸಿಗರೇಟು ಇರಬಾರದು. ಜನರೇಟರ್ ಪರೀಕ್ಷೆ ಮಾಡುವವರು ಅದನ್ನು ಬೀದಿಗೆ ತನ್ನಿ. ಅರ್ಧ ಎಳೆದ ಶಟರಿನೊಳಗೆ ಓಡಿಸಿದರೆ ತುಂಬಿಕೊಳ್ಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಗೊತ್ತಾಗುವ ಹೊತ್ತಿಗೆ ಮನುಷ್ಯ ಬಿದ್ದಿರುತ್ತಾನೆ.

ಮೊದಲು ಕಿವಿಗೊಡಿ

ಏನನ್ನೂ ಬಿಚ್ಚದೆ ಒಂದೆರಡು ನಿಮಿಷ ಸುಮ್ಮನೆ ಕೇಳಿಸಿಕೊಳ್ಳಿ. ಒಂದು ಲಯದಲ್ಲಿ, ಉಸಿರಾಡಿದ ಹಾಗೆ ಏರಿ ಇಳಿಯುತ್ತಿದ್ದು, ಲೋಡ್ ಬಿದ್ದ ಕೂಡಲೇ ಸಮವಾದರೆ, ಅದು ಪೆಟ್ರೋಲ್ ಕಡಿಮೆಯಾದ ಲಕ್ಷಣ. ಭಾರವಿಲ್ಲದೆ ಓಡುವಾಗ ಪೆಟ್ರೋಲ್ ಕೊಡುವ ಸಣ್ಣ ಜೆಟ್, ಅಂದರೆ ಪೈಲಟ್ ಜೆಟ್, ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಲಯವೇ ಇಲ್ಲದೆ ಅಲ್ಲೊಂದು ಇಲ್ಲೊಂದು ಮಿಸ್ ಹೊಡೆಯುತ್ತಿದ್ದು, ಸೈಲೆನ್ಸರಿನಲ್ಲಿ ಟಪ್ ಅನ್ನುತ್ತಿದ್ದರೆ ಕಿಡಿಯ ಕಡೆ ನೋಡಿ. ಕಾಲು ಗಂಟೆ ಚೆನ್ನಾಗಿ ಓಡಿ ಆಮೇಲೆ ತಡವರಿಸಿದರೆ ಟ್ಯಾಂಕ್ ಕ್ಯಾಪ್ ಅಥವಾ ಕಿಡಿ ಹುಟ್ಟಿಸುವ ಕಾಯಿಲ್. ಕಪ್ಪು ಹೊಗೆ ಉಗುಳುತ್ತ ಗುಡುಗುಡು ಅಂದರೆ ಪೆಟ್ರೋಲ್ ಜಾಸ್ತಿಯಾಗಿದೆ ಅಥವಾ ಗಾಳಿ ಸಾಲುತ್ತಿಲ್ಲ. ಜನರೇಟರ್ ಇದ್ದವರಿಗೆ ಕಿವಿಯ ಜೊತೆ ಕಣ್ಣೂ ಸಹಾಯಕ್ಕೆ ಬರುತ್ತೆ: ವೇಗ ಏರಿಳಿದಂತೆ ಹಳೇ ಬಗೆಯ ಬಲ್ಬು ಒಮ್ಮೆ ಮಂಕಾಗುತ್ತೆ, ಒಮ್ಮೆ ಜೋರಾಗಿ ಬೆಳಗುತ್ತೆ. ಆ ಸ್ಥಿತಿಯಲ್ಲಿ ಫ್ರಿಜ್ಜು, ಕಂಪ್ಯೂಟರು ಹಾಕಬೇಡಿ.

ಇನ್ನೊಂದು ಸಣ್ಣ ವಿಷಯ. ಎಂಜಿನ್ ಬದುವಿನ ಮೇಲೆ ವಾಲಿ ಕೂತಿದೆಯೇ? ಆಯಿಲ್ ಕಡಿಮೆಯಾದರೆ ಕಿಡಿ ಕತ್ತರಿಸುವ ಸೆನ್ಸರ್ ಎಷ್ಟೋ ಎಂಜಿನ್ನುಗಳಲ್ಲಿ ಇರುತ್ತೆ. ಎಂಜಿನ್ ವಾಲಿದಾಗ ಆಯಿಲ್ ಒಂದು ಪಕ್ಕಕ್ಕೆ ಸರಿದು, ಸೆನ್ಸರ್ ಆಗಾಗ ಕಿಡಿ ನಿಲ್ಲಿಸುತ್ತೆ. ಸಮತಟ್ಟಾದ ಜಾಗದಲ್ಲಿಟ್ಟು ಆಯಿಲ್ ಮಟ್ಟ ನೋಡಿದರೆ ಕೆಲವರ ಕೆಲಸ ಅಲ್ಲಿಗೇ ಮುಗಿಯುತ್ತೆ.

ತಪ್ಪು ಎಂಜಿನ್ನಿನದೋ, ಪಂಪಿನದೋ?

ಪಂಪ್‌ಸೆಟ್ಟಿನಲ್ಲಿ ಇದನ್ನು ತೀರ್ಮಾನ ಮಾಡದೆ ಮುಂದೆ ಹೋಗಲೇಬೇಡಿ. ಪಂಪು ನೀರು ಎಳೆಯುತ್ತಿರುವಾಗ ಎಂಜಿನ್ನಿಗೆ ಭಾರ ಇರುತ್ತೆ. ಸಕ್ಷನ್ ಪೈಪಿಗೆ ಗಾಳಿ ಹೊಕ್ಕರೆ ಭಾರ ಒಮ್ಮೆಲೇ ತಪ್ಪಿ ಎಂಜಿನ್ ಏರುತ್ತೆ, ನೀರು ಬಂದಾಗ ಇಳಿಯುತ್ತೆ. ಕೇಳುವವರಿಗೆ ಎಂಜಿನ್ನೇ ಕೆಟ್ಟ ಹಾಗೆ ಕಾಣುತ್ತೆ. ನಾಲೆಯಲ್ಲಿ ಫುಟ್‌ವಾಲ್ವಿನ (ಸಕ್ಷನ್ ಪೈಪಿನ ನೀರೊಳಗಿನ ತುದಿಯ ವಾಲ್ವ್) ಜಾಲರಿಗೆ ಅಂತರಗಂಗೆ ಬೇರು, ಕಬ್ಬಿನ ತರಗು, ಪ್ಲಾಸ್ಟಿಕ್ ಕವರ್ ಸುತ್ತಿಕೊಳ್ಳುವುದು ಮಾಮೂಲಿ. ಹೋಸಿನ ಕ್ಲಿಪ್ ಸಡಿಲವಾಗಿರುವುದು, ಬಿಸಿಲಿಗೆ ಹೋಸ್ ಬಿರುಕು ಬಿಟ್ಟಿರುವುದೂ ಅಷ್ಟೇ ಮಾಮೂಲಿ.

ಪರೀಕ್ಷೆ ಸುಲಭ. ನೀರು ತುಂಬಿದ ಒಂದು ಡ್ರಮ್ಮಿಗೆ ಸಕ್ಷನ್ ತುದಿಯನ್ನೂ ಡೆಲಿವರಿ ತುದಿಯನ್ನೂ ಬಿಟ್ಟು, ಪಂಪಿಗೆ ನೀರು ತುಂಬಿಸಿ ಓಡಿಸಿ. ನೀರು ಅದೇ ಡ್ರಮ್ಮಿನಲ್ಲಿ ಸುತ್ತುತ್ತಿರುತ್ತೆ. ಎಂಜಿನ್ ಈಗ ಸಮವಾಗಿ ಓಡಿದರೆ ಫುಟ್‌ವಾಲ್ವ್ ತೊಳೆದು, ಅದು ನೀರಿನಲ್ಲಿ ಪೂರ್ತಿ ಮುಳುಗುವ ಹಾಗೆ ಇಳಿಬಿಡಿ. ಡೆಲಿವರಿ ನೀರಿನಲ್ಲಿ ಗುಳ್ಳೆ ಕಾಣುತ್ತಿದ್ದರೆ ಹೋಸಿನ ಕ್ಲಿಪ್ ಬಿಗಿ ಮಾಡಿ. ನೀರಿಲ್ಲದೆ ಪಂಪು ಓಡಿಸಿ ನೋಡಬೇಡಿ, ಒಳಗಿನ ಸೀಲು ಸುಟ್ಟುಹೋಗುತ್ತೆ.

ವೀಡರ್ ಆದರೆ ಕ್ಲಚ್ ಬಿಟ್ಟು, ಬ್ಲೇಡು ತಿರುಗದಂತೆ ಓಡಿಸಿ ನೋಡಿದರೆ ಸಾಕು.

ಟ್ಯಾಂಕಿನಲ್ಲಿ ಇರುವುದು ಪೆಟ್ರೋಲೇ?

ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಹತ್ತು ನಿಮಿಷ ಬಿಡಿ. ತಳದಲ್ಲಿ ಬೇರೆ ಪದರ ನಿಂತರೆ ಅದು ನೀರು, ಅಥವಾ ನೀರು ಕುಡಿದ ಎಥೆನಾಲ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥೆನಾಲ್ ಇರುತ್ತೆ. ಅದರಲ್ಲಿ ಒಂದು ಪಾಲು ಕಬ್ಬಿನಿಂದಲೇ ಬಂದದ್ದು ಎಂದು ನಾವು ಮಂಡ್ಯದವರು ಬೀಗಬಹುದು, ಆದರೆ ಕಾರ್ಬೊರೇಟರಿಗೆ ಆ ಅಭಿಮಾನ ಇಲ್ಲ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತೆ. ತೇವ ಮಿತಿ ಮೀರಿದಾಗ ನೀರಿನ ಸಮೇತ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತೆ. ಜೆಟ್ಟಿಗೆ ಮೊದಲು ಹೋಗುವುದು ತಳದ್ದೇ. ಅದೂ ಅಲ್ಲದೆ ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ, ಬರೀ ಪೆಟ್ರೋಲಿಗೆಂದು ಜೆಟ್ ಕೂರಿಸಿದ್ದ ಹಳೇ ಎಂಜಿನ್ನಿನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಮೊದಲು ಏರಿಳಿಯದ ಎಂಜಿನ್ ಈಗೀಗ ಯಾಕೆ ಹೀಗಾಡುತ್ತಿದೆ ಎಂದು ಕೇಳುವವರಿಗೆ ಇದೂ ಒಂದು ಉತ್ತರ.

ಹಳೇ ಪೆಟ್ರೋಲಿಗೆ ವಾರ್ನಿಷಿನ ಹುಳಿ ವಾಸನೆ ಬಂದಿರುತ್ತೆ, ಮೂಗಿಗೇ ಗೊತ್ತಾಗುತ್ತೆ. ಹಾಗಿದ್ದರೆ ಪೂರ್ತಿ ತೆಗೆದು ಹೊಸದು ಹಾಕಿ. ಹೊಸದರ ಜೊತೆ ಬೆರೆಸಿ ಖಾಲಿ ಮಾಡುವ ಜಿಪುಣತನ ಬೇಡ. ತೆಗೆದದ್ದನ್ನು ನಾಲೆಗೂ ಚರಂಡಿಗೂ ಸುರಿಯಬೇಡಿ.

ಹಾಗೆಯೇ ಕ್ಯಾಪ್ ನೋಡಿ. ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಗೆ ಹೋಗಲು ಕ್ಯಾಪಿನಲ್ಲಿ ಸಣ್ಣ ದಾರಿ ಇರುತ್ತೆ. ಅದು ಮುಚ್ಚಿದರೆ ಟ್ಯಾಂಕಿನೊಳಗೆ ನಿರ್ವಾತವಾಗಿ ಪೆಟ್ರೋಲ್ ಇಳಿಯುವುದು ನಿಲ್ಲುತ್ತೆ. ಎಂಜಿನ್ ತಡವರಿಸಿದ ಕೂಡಲೇ ಕ್ಯಾಪ್ ಸಡಿಲಿಸಿ. ಬುಸ್ ಎಂದು ಗಾಳಿ ಎಳೆದುಕೊಂಡು ಎಂಜಿನ್ ಚೇತರಿಸಿಕೊಂಡರೆ ಕಳ್ಳ ಸಿಕ್ಕಿದ. ಆಯುಧ ಪೂಜೆ ಆದ ಮಾರನೇ ವಾರ ಈ ತೊಂದರೆ ಬಂದರೆ ಆಶ್ಚರ್ಯವಿಲ್ಲ, ಕ್ಯಾಪಿನ ಮೇಲೆ ಧಾರಾಳವಾಗಿ ಮೆತ್ತಿದ ವಿಭೂತಿ ಕುಂಕುಮ ಒಣಗಿ ಆ ದಾರಿಯಲ್ಲಿ ಕೂತಿರುತ್ತೆ. ಪೂಜೆಗೆ ಮುಂಚೆ ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು ಎಂಜಿನ್ ತೊಳೆದಿದ್ದರೆ ಏರ್ ಫಿಲ್ಟರಿಗೂ ನೀರು ಹೋಗಿರುತ್ತೆ. ಕುಂಕುಮವನ್ನು ಟ್ಯಾಂಕಿನ ಪಕ್ಕಕ್ಕೆ ಇಟ್ಟರೂ ದೇವರು ಬೇಡ ಅನ್ನುವುದಿಲ್ಲ.

ಚೋಕ್ ಪರೀಕ್ಷೆ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಹೇಳುವ ವಿಷಯ ಮಾತ್ರ ಬಹಳ. ಎಂಜಿನ್ ಬಿಸಿಯಾದ ಮೇಲೆ, ಏರಿಳಿತ ನಡೆಯುತ್ತಿರುವಾಗಲೇ ಚೋಕನ್ನು (ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ಬಾಗಿಲು) ನಿಧಾನವಾಗಿ ಅರ್ಧದವರೆಗೆ ಎಳೆಯಿರಿ. ಏರಿಳಿತ ನಿಂತು ಸದ್ದು ಒಂದೇ ಸಮವಾದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂದು ಖಾತ್ರಿ. ಜೆಟ್ ಕಟ್ಟಿಕೊಂಡಿದೆ, ಇಲ್ಲವೇ ಎಲ್ಲಿಂದಲೋ ಕಳ್ಳಗಾಳಿ ಹೋಗುತ್ತಿದೆ. ಚೋಕ್ ಎಳೆದಾಗ ಇನ್ನೂ ಕೆಟ್ಟು ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ, ಏರ್ ಫಿಲ್ಟರಿಗೆ ಹೋಗಿ. ಏನೂ ವ್ಯತ್ಯಾಸವೇ ಆಗದಿದ್ದರೆ ಪ್ಲಗ್ಗಿಗೆ ಹೋಗಿ.

ಅರ್ಧ ಚೋಕಿನಲ್ಲಿ ಸರಿ ಓಡುತ್ತಲ್ಲ ಎಂದು ಹಾಗೇ ದಿನಗಟ್ಟಲೆ ಓಡಿಸುವವರನ್ನು ನಾನು ಬಹಳ ನೋಡಿದ್ದೇನೆ. ಲೋಡ್ ಬಿದ್ದಾಗ ಆ ಹೆಚ್ಚಿನ ಪೆಟ್ರೋಲ್ ಪೂರ್ತಿ ಉರಿಯದೆ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ರಿಂಗು ಸವೆಸುತ್ತೆ. ಚೋಕ್ ಕಾಯಿಲೆ ಪತ್ತೆ ಮಾಡುವುದಕ್ಕೆ, ಔಷಧಿಯಲ್ಲ.

ಫಿಲ್ಟರ್, ಪ್ಲಗ್

ಸ್ಪಂಜಿನ ಫಿಲ್ಟರನ್ನು ಸೋಪಿನ ನೀರಿನಲ್ಲಿ ಹಿಚುಕಿ ತೊಳೆದು, ಪೂರ್ತಿ ಒಣಗಿಸಿ, ಹೊಸ ಎಂಜಿನ್ ಆಯಿಲಿನಲ್ಲಿ ಅದ್ದಿ, ಆಯಿಲ್ ತೊಟ್ಟಿಕ್ಕದಷ್ಟು ಹಿಂಡಿ ಹಾಕಿ. ಪೇಪರ್ ಫಿಲ್ಟರನ್ನು ತೊಳೆಯಬೇಡಿ, ತಟ್ಟಿ ಧೂಳು ಉದುರಿಸಿ, ಹಾಳಾಗಿದ್ದರೆ ಬದಲಿಸಿ. ಆಲೆಮನೆ ಹತ್ತಿರ ಓಡುವ ಎಂಜಿನ್ನಿಗೆ ಬೂದಿ, ಕಬ್ಬಿನ ಸಾಲಿನಲ್ಲಿ ಓಡುವ ವೀಡರಿಗೆ ಧೂಳು, ಎರಡಕ್ಕೂ ಫಿಲ್ಟರ್ ಬೇಗ ಕಟ್ಟುತ್ತೆ. ಹಾಗಂತ ಫಿಲ್ಟರ್ ತೆಗೆದಿಟ್ಟು ಓಡಿಸಿದರೆ ಎಂಜಿನ್ನಿಗೆ ಆಯುಸ್ಸಿಲ್ಲ.

ಪ್ಲಗ್ ಬಿಚ್ಚುವ ಮುನ್ನ ಸುತ್ತಲಿನ ಮಣ್ಣನ್ನು ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ಸಿಲಿಂಡರಿಗೆ ಬೀಳುತ್ತೆ. ತುದಿಯ ಬಣ್ಣ ಅಚ್ಚುಬೆಲ್ಲದಂತೆ ತಿಳಿಗಂದು ಇದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಬಿಳಿಚಿದ್ದರೆ ಮಿಶ್ರಣ ತೆಳು, ಚೋಕ್ ಪರೀಕ್ಷೆ ಹೇಳಿದ್ದನ್ನೇ ಇದೂ ಹೇಳುತ್ತಿದೆ. ಎಣ್ಣೆ ಜಿಡ್ಡು ಮೆತ್ತಿದ್ದರೆ ರಿಂಗು ಅಥವಾ ವಾಲ್ವ್ ಸವೆದಿರಬಹುದು. ಗ್ಯಾಪು ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್, ಎಂಜಿನ್ ಜೊತೆ ಬಂದ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದೇ ಸರಿ. ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ಸ್ಪಾನರಿನಲ್ಲಿ ಹೊಸ ಪ್ಲಗ್ಗಿಗೆ ಅರ್ಧ ಸುತ್ತು, ಹಳೇದಕ್ಕೆ ಕಾಲು ಸುತ್ತಿಗಿಂತ ಹೆಚ್ಚಿಲ್ಲ. ಹೆಡ್ಡು ಅಲ್ಯೂಮಿನಿಯಂ, ಥ್ರೆಡ್ ಹೋದರೆ ಖರ್ಚು ದೊಡ್ಡದು.

ಕಿಡಿ ನೋಡಲು ಪೆಟ್ರೋಲ್ ನಲ್ಲಿ ಮುಚ್ಚಿ, ಪ್ಲಗ್ಗಿನ ತೂತಿನಿಂದ ದೂರದಲ್ಲಿ ಪ್ಲಗ್ಗಿನ ಲೋಹದ ಭಾಗವನ್ನು ಎಂಜಿನ್ ಮೈಗೆ ತಾಗಿಸಿ ಹಗ್ಗ ಎಳೆಯಿರಿ. ನೀಲಿ ಕಿಡಿ ಚಟಚಟ ಅನ್ನಬೇಕು. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಮಂಕಾದರೆ ಕಾಯಿಲ್ ಅನುಮಾನ. ಆದರೆ ಹೊಸ ಕಾಯಿಲ್ ತರುವ ಮುಂಚೆ ಸ್ವಿಚ್ಚಿನಿಂದ ಕಾಯಿಲಿಗೆ ಹೋಗುವ ವೈರನ್ನು ಉದ್ದಕ್ಕೂ ನೋಡಿ. ಕೊಟ್ಟಿಗೆಯ ಇಲಿ ಕಡಿದೋ, ಅದುರಿ ಅದುರಿ ಸವೆದೋ ತಂತಿ ಎಂಜಿನ್ ಮೈಗೆ ತಾಗುತ್ತಿದ್ದರೆ, ತಾಗಿದಾಗಲೆಲ್ಲ ಕಿಡಿ ಸಾಯುತ್ತೆ. ಇದಕ್ಕೆ ಒಂದಿಂಚು ಟೇಪು ಸಾಕು.

ಕಾರ್ಬೊರೇಟರ್

ಚೋಕ್ ಪರೀಕ್ಷೆ ಮಿಶ್ರಣ ತೆಳುವಾಗಿದೆ ಎಂದಿದ್ದರೆ ಇಲ್ಲಿ ಆತುರ ಬೇಡ. ಬಿಚ್ಚುವ ಮುನ್ನ ಸ್ಪ್ರಿಂಗು, ಲಿಂಕ್ ಕಂಬಿ ಯಾವ ತೂತಿನಲ್ಲಿವೆ ಎಂದು ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ನಲ್ಲಿ ಮುಚ್ಚಿ, ಕೆಳಗಿನ ಬಟ್ಟಲಿನ ಡ್ರೇನ್ ಸ್ಕ್ರೂ ಬಿಚ್ಚಿ ಪೆಟ್ರೋಲ್ ಇಳಿಸಿ. ಬಟ್ಟಲು ಹಿಡಿದಿರುವುದು ಸಾಮಾನ್ಯವಾಗಿ 10 ನಂಬರಿನ ಒಂದೇ ಬೋಲ್ಟ್.

ಬಟ್ಟಲಿನ ತಳ ಬಹಳಷ್ಟು ಹೇಳುತ್ತೆ. ಕಂದು ಅಂಟು ಇದ್ದರೆ ಪೆಟ್ರೋಲ್ ಒಣಗಿ ಕೂತದ್ದು. ಬಿಳಿ ಪುಡಿ ಇದ್ದರೆ ನೀರು ನಿಂತು ಲೋಹ ತಿಂದದ್ದು. ಕೆಂಪು ಮಣ್ಣಿನಂಥದ್ದು ಇದ್ದರೆ ಟ್ಯಾಂಕೇ ತುಕ್ಕು ಹಿಡಿದಿದೆ. ಆಗ ಟ್ಯಾಂಕ್ ತೊಳೆಯದೆ ಕಾರ್ಬೊರೇಟರ್ ಎಷ್ಟು ಸಲ ಬಿಚ್ಚಿದರೂ ವಾರಕ್ಕೆ ಮತ್ತೆ ಅದೇ ಕಥೆ. ನಲ್ಲಿಯ ಕೆಳಗೆ ಜಾಲರಿಯ ಸಣ್ಣ ಬಟ್ಟಲಿದ್ದರೆ ಅದನ್ನೂ ಬಿಚ್ಚಿ ತೊಳೆಯಿರಿ.

ಫ್ಲೋಟಿನ ಪಿನ್ ಎಳೆದು ಫ್ಲೋಟನ್ನೂ ಅದರ ಸಣ್ಣ ನೀಡಲನ್ನೂ ತಟ್ಟೆಗೆ ಹಾಕಿ. ನಡುವಿನ ಕಂಬದ ತೂತಿನೊಳಗೆ ಹಿತ್ತಾಳೆಯ ಮೇನ್ ಜೆಟ್ ಇದೆ. ಸ್ಕ್ರೂಡ್ರೈವರ್ ಅದರ ಗೀರಿನಲ್ಲಿ ಅಲುಗದಂತೆ ಕೂರಬೇಕು, ಹಿತ್ತಾಳೆ ಮೆತ್ತಗಿರುವುದರಿಂದ ಜಾರಿದರೆ ಗೀರು ಹಾಳಾಗುತ್ತೆ. ಜೆಟ್ ಬಂದ ಮೇಲೆ ಹಿಂದಿನಿಂದ ಪಕ್ಕದಲ್ಲೆಲ್ಲ ಸಣ್ಣ ತೂತಿರುವ ಒಂದು ನಳಿಗೆ ಜಾರಿ ಬೀಳುತ್ತೆ. ಬೀಳದಿದ್ದರೆ ಮೇಲಿನಿಂದ ಮೆಲ್ಲಗೆ ತಳ್ಳಿ. ಆ ಪಕ್ಕದ ತೂತುಗಳೂ ತೆರೆದಿರಬೇಕು.

ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಏರಿಳಿತದ ನಿಜವಾದ ಅಪರಾಧಿ ಮೇಲೆ ಕೂತಿರುತ್ತೆ. ಸಾಮಾನ್ಯ ಮಾದರಿಗಳಲ್ಲಿ ಥ್ರಾಟಲ್ ನಿಲ್ಲಿಸುವ ಐಡ್ಲಿಂಗ್ ಸ್ಕ್ರೂ ತೆಗೆದರೆ ಅದರಡಿ ಪ್ಲಾಸ್ಟಿಕ್ ತಲೆಯ ಪೈಲಟ್ ಜೆಟ್ ಸಿಗುತ್ತೆ. ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಮೀಟಿದರೆ ಒ-ರಿಂಗ್ ಸಮೇತ ಬರುತ್ತೆ. ಅದರ ತುದಿಯ ತೂತು ಅರ್ಧ ಮಿಲಿಮೀಟರೂ ಇಲ್ಲ. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ: ದುಂಡಗಿನ ಸ್ವಚ್ಛ ಬೆಳಕಿನ ಚುಕ್ಕೆ ಕಾಣಬೇಕು. ಚುಕ್ಕೆ ಕಾಣದಿದ್ದರೆ, ಅಥವಾ ಒಂದು ಪಕ್ಕ ಕಚ್ಚಿದ ಹಾಗೆ ಕಂಡರೆ, ನಿಮ್ಮ ಎಂಜಿನ್ ಯಾಕೆ ಏದುಸಿರು ಬಿಡುತ್ತಿತ್ತು ಎಂದು ಗೊತ್ತಾಯಿತು.

ಕ್ಲೀನರ್ ಸ್ಪ್ರೇ ಹೊಡೆದು ನೆನೆಯಲು ಬಿಟ್ಟು, ಎಳೆವೈರಿನ ಒಂದೇ ಒಂದು ತಾಮ್ರದ ಎಳೆಯಿಂದ ತೂತು ಬಿಡಿಸಿ. ಸೂಜಿ, ಪಿನ್ನು, ಉಕ್ಕಿನ ತಂತಿ ಹಾಕಿದರೆ ತೂತು ದೊಡ್ಡದಾಗುತ್ತೆ, ಆಮೇಲೆ ಆ ಜೆಟ್ ಯಾವತ್ತೂ ಸರಿಯಾಗಲ್ಲ. ಕಾರ್ಬೊರೇಟರ್ ಮೈಯೊಳಗಿನ ದಾರಿಗಳಿಗೂ ಸ್ಪ್ರೇ ಹೊಡೆಯಿರಿ, ಒಂದು ಕಡೆ ಹೊಡೆದದ್ದು ಇನ್ನೊಂದು ಕಡೆ ಚಿಮ್ಮಬೇಕು. ಕಣ್ಣಿಗೆ ಕನ್ನಡಕ ಇರಲಿ, ಅದು ಚಿಮ್ಮುವುದು ನೇರ ಮುಖಕ್ಕೇ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದರೆ ಇನ್ನೂ ಒಳ್ಳೆಯದು, ಆದರೆ ಫ್ಲೋಟು ಮತ್ತು ರಬ್ಬರ್ ಭಾಗ ತೆಗೆದ ಮೇಲೆ ಮಾತ್ರ.

ಕಳ್ಳಗಾಳಿ

ಜೆಟ್ ಸ್ವಚ್ಛವಾದರೂ ಏರಿಳಿತ ಹೋಗದಿದ್ದರೆ ಕಾರ್ಬೊರೇಟರ್ ಮತ್ತು ಹೆಡ್ಡಿನ ನಡುವೆ ನೋಡಿ. ಅಲ್ಲಿ ಕಪ್ಪು ಇನ್ಸುಲೇಟರ್ ಬಿಲ್ಲೆ, ಅದರ ಎರಡೂ ಪಕ್ಕ ಗ್ಯಾಸ್ಕೆಟ್ ಇರುತ್ತವೆ. ಹರಿದ ಗ್ಯಾಸ್ಕೆಟ್, ಉಲ್ಟಾ ಕೂರಿಸಿದ ಗ್ಯಾಸ್ಕೆಟ್, ಸಡಿಲ ನಟ್ಟು, ಯಾವುದಾದರೂ ಸಾಕು. ಎಂಜಿನ್ ಓಡುತ್ತಿರುವಾಗ ಸಂದಿಗೆ ಬ್ರಷ್ಷಿನಲ್ಲಿ ಸೋಪಿನ ನೀರು ಸವರಿ. ಸವರಿದ ಕ್ಷಣ ಸದ್ದು ಬದಲಾದರೆ ಗಾಳಿ ಅಲ್ಲಿಂದಲೇ ಹೋಗುತ್ತಿದೆ. ಇದಕ್ಕೆ ಪೆಟ್ರೋಲ್ ಅಥವಾ ಕ್ಲೀನರ್ ಸ್ಪ್ರೇ ಬಳಸುವವರಿದ್ದಾರೆ. ಬಿಸಿ ಸೈಲೆನ್ಸರ್ ಒಂದು ಗೇಣು ದೂರದಲ್ಲಿರುವಾಗ ಆ ಸಾಹಸ ಬೇಡ.

ಈಗ ಬೇಕಾದರೆ ಗವರ್ನರ್

ಎಂಜಿನ್ ನಿಲ್ಲಿಸಿ ಥ್ರಾಟಲ್ ಕಂಬಿಯನ್ನು ಬೆರಳಲ್ಲಿ ಆಡಿಸಿ. ಎಲ್ಲೂ ಹಿಡಿಯದೆ ಹೋಗಿ ಬರಬೇಕು. ಒಣಗಿದ ಕೆಸರು, ತುಕ್ಕು, ಬಾಗಿದ ಕಂಬಿ ಇದ್ದರೆ ಸರಿಪಡಿಸಿ. ಲಿಂಕಿನ ಪಕ್ಕದ ಕೂದಲೆಳೆಯಂಥ ತೆಳು ಸ್ಪ್ರಿಂಗ್ ಕಳಚಿದ್ದರೂ ಎಂಜಿನ್ ಅದುರುತ್ತ ಏರಿಳಿಯುತ್ತೆ, ಮೊದಲು ತೆಗೆದ ಫೋಟೋ ಈಗ ಉಪಯೋಗಕ್ಕೆ ಬರುತ್ತೆ. ಸ್ಪ್ರಿಂಗನ್ನು ಎಳೆದು ಉದ್ದ ಮಾಡುವುದು, ಬೇರೆ ತೂತಿಗೆ ಸಿಕ್ಕಿಸುವುದು, ಗವರ್ನರ್ ತೋಳಿನ ನಟ್ಟು ಸಡಿಲಿಸುವುದು ಬೇಡವೇ ಬೇಡ. ಈ ಎಂಜಿನ್ನುಗಳು ಓಡಬೇಕಾದದ್ದು ನಿಮಿಷಕ್ಕೆ ಸುಮಾರು 3000ದಿಂದ 3600 ಸುತ್ತು. ಲಗಾಮು ತಪ್ಪಿ ಅದರ ಮೇಲೆ ಹೋದರೆ ಕನೆಕ್ಟಿಂಗ್ ರಾಡ್ ಮುರಿದು ಕ್ರ್ಯಾಂಕ್‌ಕೇಸನ್ನೇ ಒಡೆಯಬಹುದು.

ಇಷ್ಟಾದರೂ ಹೋಗದಿದ್ದರೆ ವಾಲ್ವ್ ಕ್ಲಿಯರೆನ್ಸ್, ಹೆಡ್ ಗ್ಯಾಸ್ಕೆಟ್, ಗವರ್ನರಿನ ಒಳಭಾಗ ಉಳಿಯುತ್ತವೆ. ಅವು ಮೆಕ್ಯಾನಿಕ್ ಕೆಲಸ. ಹೋದಾಗ "ಎಂಜಿನ್ ಸರಿಯಿಲ್ಲ" ಅನ್ನುವ ಬದಲು "ಅರ್ಧ ಚೋಕಿಗೆ ಸಮ ಆಗುತ್ತೆ, ಪೈಲಟ್ ಜೆಟ್ ತೊಳೆದಾಗಿದೆ, ಪ್ಲಗ್ ಬಿಳಿಚಿದೆ" ಅನ್ನಿ. ಬೇಡದ ಸ್ಪೇರ್ ಪಾರ್ಟ್ ಬಿಲ್ಲಿಗೆ ಸೇರುವುದು ಕಡಿಮೆಯಾಗುತ್ತೆ.

ಬ್ರಷ್ ಕಟರ್, ಟಿಲ್ಲರ್

ಟು ಸ್ಟ್ರೋಕ್ ಬ್ರಷ್ ಕಟರಿನಲ್ಲಿ ಮೊದಲ ಅನುಮಾನ ಟ್ಯಾಂಕಿನೊಳಗೆ ತೇಲುವ ಫಿಲ್ಟರ್, ಗಟ್ಟಿಯಾಗಿ ಬಿರಿದ ಪೆಟ್ರೋಲ್ ಪೈಪು, ಸೀಳಿದ ಪ್ರೈಮರ್ ಬಲ್ಬ್ (ಪೆಟ್ರೋಲ್ ಎಳೆಯಲು ಒತ್ತುವ ರಬ್ಬರ್ ಗುಳ್ಳೆ). ಇವು ಸರಿಯಿದ್ದರೆ ಸೈಲೆನ್ಸರಿನ ಜಾಲರಿಗೆ ಕರಿ ಕಟ್ಟಿದೆಯೇ ನೋಡಿ. ಆಯಿಲನ್ನು ಅಂದಾಜಿನಲ್ಲಿ ಸುರಿಯಬೇಡಿ. ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ.

ಡೀಸೆಲ್ ಟಿಲ್ಲರ್ ಏರಿಳಿದರೆ ಹೆಚ್ಚಾಗಿ ಲೈನಿನಲ್ಲಿ ಗಾಳಿ ಸೇರಿದೆ ಅಥವಾ ಫಿಲ್ಟರ್ ಕಟ್ಟಿದೆ. ಟ್ಯಾಂಕ್ ಪೂರ್ತಿ ಖಾಲಿಯಾಗುವ ತನಕ ಓಡಿಸಿದವರಿಗೆ ಇದು ಖಾಯಂ. ಫಿಲ್ಟರ್ ಹತ್ತಿರದ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದೆ ಡೀಸೆಲ್ ಬರುವವರೆಗೆ ಬಿಟ್ಟು ಬಿಗಿ ಮಾಡಿ. ಇಂಜೆಕ್ಟರ್ ಸಿಂಪಡಿಸುವ ಡೀಸೆಲಿಗೆ ಮಾತ್ರ ಕೈ ಒಡ್ಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ. ಅದು ಬ್ಯಾಂಡೇಜಿನಲ್ಲಿ ಮುಗಿಯುವ ಗಾಯವಲ್ಲ, ನೇರ ಆಸ್ಪತ್ರೆಗೆ ಓಡಬೇಕು.

ಜೋಡಿಸಿದ ಮೇಲೆ

ನಲ್ಲಿ ತೆರೆದು ಐದು ನಿಮಿಷ ಬಟ್ಟಲಿನ ಸುತ್ತ ಸೋರಿಕೆ ನೋಡಿ, ಆಮೇಲೆ ಹಗ್ಗ ಎಳೆಯಿರಿ. ಬಿಸಿಯಾದ ಮೇಲೆ ಚೋಕ್ ಪೂರ್ತಿ ತೆಗೆದು, ಲೋಡಿನಲ್ಲಿ ಅರ್ಧ ಗಂಟೆ ಓಡಿಸಿ. ಎಂಜಿನ್ ಆರಿದ ಮೇಲೆ ಪ್ಲಗ್ ಮತ್ತೊಮ್ಮೆ ಬಿಚ್ಚಿ ಬಣ್ಣ ನೋಡಿ, ಬಿಳಿಚಿದ್ದದ್ದು ಕಂದಿಗೆ ತಿರುಗಿರಬೇಕು. ನಾಲೆ ನೀರು ನಿಂತು ಪಂಪ್‌ಸೆಟ್ ಒಳಗಿಡುವ ದಿನ ಟ್ಯಾಂಕ್ ಖಾಲಿ ಮಾಡಿ, ನಲ್ಲಿ ಮುಚ್ಚಿ, ಡ್ರೇನ್ ಸ್ಕ್ರೂ ಬಿಚ್ಚಿ ಬಟ್ಟಲನ್ನೂ ಒಣಗಿಸಿ. ಫುಟ್‌ವಾಲ್ವ್ ತೊಳೆಯುವುದನ್ನೂ ಆವತ್ತೇ ಮುಗಿಸಿ.